ಮುಳಶಿ ತೋಟದ ಸೋಲಾರ್‌ಗೆ ಜನರೇಟರ್: ದೊಡ್ಡದು ತರುವ ಮೊದಲು ಚಾರ್ಜಿಂಗ್ ಆಂಪ್ಸ್ ನೋಡಿ

ಸರ್, ನಿಮ್ಮ ಜನರೇಟರ್ ಕೆಟ್ಟಿರಲಿಕ್ಕಿಲ್ಲ. ಇನ್ವರ್ಟರೂ ಸರಿ ಇದ್ದಂತಿದೆ. 7.5 ಕೆವಿಎ ಡೀಸೆಲ್ ಸೆಟ್‌ಗೆ ಅಡ್ವಾನ್ಸ್ ಕೊಡುವುದನ್ನು ಒಂದೆರಡು ದಿನ ತಡೆಯಿರಿ.

ಪ್ರಶ್ನೆ ನೋಡದವರಿಗೆ ಹೇಳಿಬಿಡುತ್ತೇನೆ. ಪುಣೆ ಹತ್ತಿರ ಪೌಡ್ ದಾಟಿ ಮುಳಶಿ ಕಡೆ ಇವರ ತೋಟ. ಎಂಎಸ್ಇಬಿ (ಮಹಾರಾಷ್ಟ್ರದ ಸರ್ಕಾರಿ ಕರೆಂಟ್) ಲೈನ್ ಇನ್ನೂ ಬಂದಿಲ್ಲ. 3 ಕಿಲೋವ್ಯಾಟ್ ಪ್ಯಾನಲ್, 5 ಕೆವಿಎ ಆಫ್‌ಗ್ರಿಡ್ ಇನ್ವರ್ಟರ್, 48 ವೋಲ್ಟ್ 100 ಎಎಚ್ (ಆಂಪಿಯರ್-ಗಂಟೆ) ಲಿಥಿಯಂ ಬ್ಯಾಟರಿ ಇದೆ. ಮಳೆಗಾಲಕ್ಕೆ ಅಂತ 3 ಕೆವಿಎ ಪೆಟ್ರೋಲ್ ಜನರೇಟರ್ ತಂದಿದ್ದಾರೆ. ಜೋಡಿಸಿದರೆ ಇನ್ವರ್ಟರ್ ಸ್ವಲ್ಪ ಹೊತ್ತು ಕರೆಂಟ್ ತಗೊಂಡು ಟಕ್ ಅಂತ ಬಿಡುತ್ತದೆ. ಮತ್ತೆ ತಗೊಳ್ಳುತ್ತದೆ, ಮತ್ತೆ ಬಿಡುತ್ತದೆ. ಜನರೇಟರ್ ಏದುಸಿರು ಬಿಡುತ್ತದೆ. ಅಂಗಡಿಯವರು ‘ಇದು ಚಿಕ್ಕದಾಯ್ತು, ದೊಡ್ಡದು ತಗೊಳ್ಳಿ’ ಅಂದಿದ್ದಾರೆ. ಅವರು ಇನ್ನೇನು ಹೇಳ್ತಾರೆ ಬಿಡಿ.

ಲೆಕ್ಕ ನೋಡೋಣ. ನಿಮ್ಮ ಇನ್ವರ್ಟರ್‌ನಲ್ಲಿ ಎಸಿ ಚಾರ್ಜಿಂಗ್ 60 ಆಂಪ್ಸ್‌ಗೆ ಇಟ್ಟಿದೆ ಅಂತ ನೀವೇ ಹಾಕಿದ ಫೋಟೋದಲ್ಲಿ ಕಾಣಿಸುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿ 54 ವೋಲ್ಟ್ ಆಸುಪಾಸು ಇರುತ್ತದೆ. 60 ಗುಣಿಸು 54 ಅಂದರೆ 3,240 ವ್ಯಾಟ್. ಚಾರ್ಜರ್‌ನಲ್ಲಿ ನೂರಕ್ಕೆ ಹತ್ತರಷ್ಟು ಪೋಲಾಗುತ್ತದೆ ಅಂತ ಹಿಡಿಯಿರಿ, 3,600 ಆಯಿತು. ಇಲ್ಲಿಗೆ ಮುಗಿಯುವುದಿಲ್ಲ. ಜನರೇಟರ್ ಬಂದ ತಕ್ಷಣ ಇನ್ವರ್ಟರ್ ಬೈಪಾಸ್‌ಗೆ ಹೋಗುತ್ತದೆ, ಅಂದರೆ ಹೊರಗಿನ ಕರೆಂಟನ್ನೇ ನೇರವಾಗಿ ಮನೆಗೆ ಬಿಡುತ್ತದೆ. ಮನೆಯ ಫ್ರಿಜ್, ಫ್ಯಾನ್, ರೂಟರ್ ಎಲ್ಲದರ ಲೋಡೂ ಜನರೇಟರ್ ಮೇಲೆಯೇ ಬೀಳುತ್ತದೆ. ಅದಕ್ಕೊಂದು 300 ಸೇರಿಸಿ. ಒಟ್ಟು 3,900 ವ್ಯಾಟ್.

ಈಗ ಜನರೇಟರ್ ಮೇಲಿನ ಪ್ಲೇಟ್ ಓದಿ. ದೊಡ್ಡ ಅಕ್ಷರದ 3 ಕೆವಿಎ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಡೆಯುವ ಗರಿಷ್ಠ. ಪಕ್ಕದಲ್ಲಿ ಸಣ್ಣದಾಗಿ ‘ರೇಟೆಡ್’ ಅಂತ ಬೇರೆ ಅಂಕಿ ಇರುತ್ತದೆ, ಅದೇ ನಿಜವಾದದ್ದು. 2.5 ಅಂದರೆ ಸಂತೋಷ ಪಡಬೇಕು. ಅದರಿಂದ 3.9 ಕೇಳಿದರೆ ಅದು ಏನು ಮಾಡೀತು? ಎಂಜಿನ್ ಸ್ಪೀಡ್ ಇಳಿಯುತ್ತದೆ, ವೋಲ್ಟೇಜ್ ಬೀಳುತ್ತದೆ. ಇನ್ವರ್ಟರ್ ‘ಈ ಕರೆಂಟ್ ಸರಿ ಇಲ್ಲ’ ಅಂತ ಬಿಟ್ಟುಬಿಡುತ್ತದೆ. ಲೋಡ್ ಹೋದ ಕೂಡಲೇ ಜನರೇಟರ್ ಚೇತರಿಸಿಕೊಳ್ಳುತ್ತದೆ, ಇನ್ವರ್ಟರ್ ಮತ್ತೆ ಹಿಡಿಯುತ್ತದೆ. ನಿಮಗೆ ಕೇಳಿಸುವ ಟಕ್ ಟಕ್ ಇದೇ.

ಹಾಗಾಗಿ ಆಂಪ್ಸ್ ಇಳಿಸಿ. ಈ ಬಗೆಯ ಬಹಳಷ್ಟು ಇನ್ವರ್ಟರ್‌ಗಳಲ್ಲಿ ಸೆಟಿಂಗ್ 11 ಅಂದರೆ ಯುಟಿಲಿಟಿ ಚಾರ್ಜಿಂಗ್ ಕರೆಂಟ್ (ಲೈನ್ ಅಥವಾ ಜನರೇಟರ್‌ನಿಂದ ಆಗುವ ಚಾರ್ಜಿಂಗ್). ನಿಮ್ಮ ಪುಸ್ತಕದಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಸೆಟಿಂಗ್ 02 ಸೋಲಾರ್ ಸೇರಿದ ಒಟ್ಟು ಚಾರ್ಜಿಂಗ್, ಅದನ್ನು ಇಳಿಸಬೇಡಿ. ಇಳಿಸಿದರೆ ಬಿಸಿಲು ಬಂದ ದಿನವೂ ಪ್ಯಾನಲ್ ಕೈಕಟ್ಟಿ ಕೂರುತ್ತದೆ. 11ನ್ನು 20ಕ್ಕೆ ತಂದು ಶುರು ಮಾಡಿ. ಹತ್ತು ನಿಮಿಷ ಸರಿಯಾಗಿ ಓಡಿದರೆ 30. ಅಷ್ಟಕ್ಕೆ ನಿಲ್ಲಿಸಿ. 30 ಆಂಪ್ಸ್‌ಗೆ ಜನರೇಟರ್ ಮೇಲೆ 1,800, ಮನೆ 300, ಒಟ್ಟು 2,100 ವ್ಯಾಟ್. ಕೆಲವು ಚಾರ್ಜರ್‌ಗಳ ಪವರ್ ಫ್ಯಾಕ್ಟರ್ ಕಳಪೆ. ಅವು ವ್ಯಾಟ್‌ಗಿಂತ ಜಾಸ್ತಿ ಕೆವಿಎ ಎಳೆಯುತ್ತವೆ. ಅದಕ್ಕೇ ಮೇಲೆ ಸ್ವಲ್ಪ ಜಾಗ ಬಿಡಬೇಕು.

ಇದಾದ ಮೇಲೂ ಟಕ್ ಟಕ್ ನಿಲ್ಲದಿದ್ದರೆ ಸೆಟಿಂಗ್ 03 ನೋಡಿ. ಅದು ‘ಯುಪಿಎಸ್’ ಅಂತ ಇದ್ದರೆ ‘ಅಪ್ಲೈಯನ್ಸ್’ ಮಾಡಿ. ಯುಪಿಎಸ್‌ನಲ್ಲಿ 170 ವೋಲ್ಟ್‌ಗಿಂತ ಕೆಳಗೆ ಬಂದರೆ ಬಿಟ್ಟುಬಿಡುತ್ತದೆ, ಅಪ್ಲೈಯನ್ಸ್‌ನಲ್ಲಿ 90ರವರೆಗೂ ಸಹಿಸುತ್ತದೆ. ಆದರೆ ಕಂಪ್ಯೂಟರ್ ಇಟ್ಟುಕೊಂಡಿದ್ದರೆ ಜೋಪಾನ, ಬದಲಾಗುವಾಗ ಒಮ್ಮೆ ಮಿಣುಕಬಹುದು. ಹರ್ಟ್ಜ್ ತೋರಿಸುವ ಮಲ್ಟಿಮೀಟರ್ ಇದ್ದರೆ ಜನರೇಟರ್ ಔಟ್‌ಪುಟ್‌ಗೆ ಹಿಡಿಯಿರಿ. ಲೋಡ್ ಇಲ್ಲದಾಗ 52 ತೋರಿಸಿ, ಲೋಡ್‌ನಲ್ಲಿ 50ರ ಹತ್ತಿರ ನಿಂತರೆ ಚೆನ್ನಾಗಿದೆ. ತೀರಾ ಓಲಾಡುತ್ತಿದ್ದರೆ ಗವರ್ನರ್ (ಎಂಜಿನ್ ಸ್ಪೀಡ್ ಹಿಡಿದಿಡುವ ಭಾಗ) ಅಥವಾ ಕಾರ್ಬೊರೇಟರ್ ನೋಡಿಸಬೇಕು. ಮೀಟರ್ ಇಲ್ಲದಿದ್ದರೆ ಪುಣೆಯ ಬುಧವಾರ ಪೇಠೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿಗಳಿರುವ ತಪಕೀರ್ ಗಲ್ಲಿಗೆ ಒಂದು ಸುತ್ತು ಹೋಗಿ ಬನ್ನಿ, ಲೈನ್, ಜನರೇಟರ್ ಎರಡರಲ್ಲಿ ಒಂದನ್ನೇ ಜೋಡಿಸುವ ಚೇಂಜೋವರ್ ಸ್ವಿಚ್ಚೂ ಅಲ್ಲೇ ಸಿಗುತ್ತದೆ.

ಮುಖ್ಯ ವಿಷಯ ಅಂದರೆ ಯಾವಾಗ ಓಡಿಸಬೇಕು ಅನ್ನೋದು. ನೀವು ಬೆಳಿಗ್ಗೆ ಆರಕ್ಕೇ ಹಚ್ಚಿ ನೂರು ಪರ್ಸೆಂಟ್ ಮಾಡುವ ಯೋಚನೆಯಲ್ಲಿದ್ದೀರಿ. ಲಿಥಿಯಂಗೆ ಅದು ಬೇಡ. ಬೆಳಿಗ್ಗೆ ತುಂಬಿಸಿಟ್ಟರೆ, ಮಧ್ಯಾಹ್ನ ಎರಡು ಗಂಟೆ ಮೋಡ ಸರಿದಾಗ ಬರುವ ಪುಕ್ಕಟೆ ಕರೆಂಟ್‌ಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ತಾಮ್ಹಿಣಿ ಘಾಟ್ ಕಡೆಯ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ, ಜುಲೈನಲ್ಲಿ ವಾರಗಟ್ಟಲೆ ಸೂರ್ಯನ ಮುಖವೇ ಕಾಣಿಸುವುದಿಲ್ಲ. ಆದರೂ ಮೋಡದ ಬೆಳಕಿಗೇ 3 ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಎರಡು ಮೂರು ಯೂನಿಟ್ ಕೊಟ್ಟೀತು. ಚಳಿಗಾಲದಲ್ಲಿ ಹನ್ನೆರಡು ಕೊಡುವ ಪ್ಯಾನಲ್ ಅದು. ಆ ಎರಡನ್ನು ಮೊದಲು ತಗೊಳ್ಳಿ. ಸಂಜೆ ನಾಲ್ಕೈದಕ್ಕೆ ಬ್ಯಾಟರಿ ನೋಡಿ. ರಾತ್ರಿಗೆ ಸಾಲುವಷ್ಟಿದ್ದರೆ ಜನರೇಟರ್ ಮುಟ್ಟಲೇಬೇಡಿ. ಇಲ್ಲದಿದ್ದರೆ ಕೊರತೆ ಇರುವಷ್ಟು ಮಾತ್ರ ತುಂಬಿಸಿ ಆಫ್ ಮಾಡಿ. 20ರಿಂದ 80 ಪರ್ಸೆಂಟ್‌ಗೆ 30 ಆಂಪ್ಸ್‌ನಲ್ಲಿ ಎರಡು ಗಂಟೆ ಸಾಕು. ಲಿಥಿಯಂಗೆ ದಿನವೂ ಪೂರ್ತಿ ತುಂಬಬೇಕೆಂಬ ಹಟ ಇಲ್ಲ. ಸೆಲ್‌ಗಳು ಸಮ ಆಗಲು ಆಗಾಗ ಒಮ್ಮೆ ನೂರು ಮುಟ್ಟಿದರೆ ಆಯಿತು, ಅದನ್ನು ಬಿಸಿಲಿಗೆ ಬಿಡಿ.

ಕೆಳಗೆ ಇನ್ನೊಬ್ಬರು ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿಗೂ ಇದೇನಾ ಅಂತ ಕೇಳಿದ್ದಾರೆ. ಅಲ್ಲ, ಅದು ಉಲ್ಟಾ. ಲೆಡ್ ಆಸಿಡ್ ಅರ್ಧ ಖಾಲಿ ಇದ್ದಾಗ ಕರೆಂಟ್ ಚೆನ್ನಾಗಿ ಕುಡಿಯುತ್ತದೆ, 80 ದಾಟಿದ ಮೇಲೆ ಸ್ವಲ್ಪ ಸ್ವಲ್ಪವೇ ತಗೊಳ್ಳುತ್ತದೆ. ಅಷ್ಟು ಸಣ್ಣ ಲೋಡ್‌ಗೆ ಜನರೇಟರ್ ಗಂಟೆಗಟ್ಟಲೆ ಓಡಿಸುವುದು ಸುಮ್ನೆ ಪೆಟ್ರೋಲ್ ಸುಟ್ಟ ಹಾಗೆ. ಅದಕ್ಕೆ ಬೆಳಿಗ್ಗೆ ಒಂದೆರಡು ಗಂಟೆ ಜನರೇಟರ್, ಮೇಲಿನ ನಿಧಾನದ ಚಾರ್ಜ್ ಸೋಲಾರ್‌ಗೆ. 150 ಎಎಚ್ ಟ್ಯೂಬುಲರ್‌ಗೆ 15 ಆಂಪ್ಸ್ ಆಸುಪಾಸು ಸರಿ.

ಖರ್ಚು ಹೇಳಿಬಿಡುತ್ತೇನೆ. ಇಂಥ ಸಣ್ಣ ಪೆಟ್ರೋಲ್ ಸೆಟ್ ಒಳ್ಳೇ ಲೋಡ್‌ನಲ್ಲಿ ಲೀಟರ್‌ಗೆ ಸುಮಾರು ಎರಡು ಯೂನಿಟ್ ಕೊಡುತ್ತದೆ. ಪೆಟ್ರೋಲ್ ನೂರು ದಾಟಿ ಕೂತಿದೆ. ಯೂನಿಟ್‌ಗೆ ಐವತ್ತರ ಮೇಲೆ ಬಿತ್ತು, ಅದರಲ್ಲೂ ಬ್ಯಾಟರಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದಿಷ್ಟು ಪೋಲು. ಡೀಸೆಲ್ ಲೀಟರ್‌ಗೆ ಮೂರು ಯೂನಿಟ್ ಹತ್ತಿರ ಕೊಡುತ್ತದೆ ನಿಜ. ಆದರೆ 7.5 ಕೆವಿಎ ಡೀಸೆಲ್ ಸೆಟ್ ಮೇಲೆ ನಿಮ್ಮ ಎರಡು ಕಿಲೋವ್ಯಾಟ್ ಲೋಡ್ ಹಾಕಿದರೆ ಆ ಲೆಕ್ಕ ನಿಲ್ಲುವುದಿಲ್ಲ. ಡೀಸೆಲ್ ಎಂಜಿನ್ ಕಡಿಮೆ ಲೋಡ್‌ನಲ್ಲಿ ತುಂಬ ಓಡಿದರೆ ಪೂರ್ತಿ ಬಿಸಿಯಾಗದೆ ಸೈಲೆನ್ಸರ್‌ನಲ್ಲಿ ಮಸಿ, ಎಣ್ಣೆ ಕಟ್ಟುತ್ತದೆ. ಆ ದುಡ್ಡಿಗೆ ಇನ್ನೊಂದು 100 ಎಎಚ್ ಬ್ಯಾಟರಿಯೋ, ಒಂದು ಸಾಲು ಪ್ಯಾನಲ್ಲೋ ಹಾಕಿಸಿ. ನಾನಾದರೆ ಪ್ಯಾನಲ್ಲೇ ಹಾಕಿಸುತ್ತೇನೆ. ಮೊದಲು ಇನ್ವರ್ಟರ್ ಎಷ್ಟು ಸೋಲಾರ್ ವೋಲ್ಟೇಜ್ ತಡೆಯುತ್ತದೆ ನೋಡಿಕೊಳ್ಳಿ.

ವೈರಿಂಗ್ ವಿಷಯದಲ್ಲಿ ಗಟ್ಟಿಯಾಗಿಯೇ ಹೇಳಬೇಕು. ಜನರೇಟರ್ ವೈರ್ ಇನ್ವರ್ಟರ್‌ನ ಎಸಿ ಇನ್‌ಪುಟ್‌ಗೆ ಮಾತ್ರ. ಎರಡೂ ಕಡೆ ಗಂಡು ಪಿನ್ ಇರುವ ವೈರ್ ಮಾಡಿ ಮನೆಯ ಸಾಕೆಟ್‌ಗೆ ಚುಚ್ಚುವವರನ್ನು ನೋಡಿದ್ದೇನೆ. ಕೈ ತಗುಲಿದರೆ ಜೀವ ಹೋಗುತ್ತದೆ. ಇನ್ವರ್ಟರ್ ಔಟ್‌ಪುಟ್‌ಗೆ ಎದುರಿನಿಂದ ಜನರೇಟರ್ ಬಂದರೆ ಇನ್ವರ್ಟರ್ ಸುಟ್ಟೇ ಹೋಗುತ್ತದೆ. ಮುಂದೆ ಎಂಎಸ್ಇಬಿ ಲೈನ್ ಬಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜೋವರ್ ಹಾಕಿಸಿ. ಇಲ್ಲದಿದ್ದರೆ ಲೈನ್‌ಮನ್ ಕಂಬ ಹತ್ತಿದಾಗ ನಿಮ್ಮ ಜನರೇಟರ್ ಅವರಿಗೆ ಶಾಕ್ ಕೊಡುತ್ತದೆ. ಇನ್ನೊಂದು, ಸಣ್ಣ ಪೋರ್ಟಬಲ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಅರ್ಥ್‌ಗೆ ಸೇರಿರುವುದಿಲ್ಲ. ಹಾಗಿದ್ದಾಗ ನೀವು ಹಾಕಿಸಿದ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬೇಕಾದಾಗ ಬೀಳದೇ ಹೋಗಬಹುದು. ನ್ಯೂಟ್ರಲ್-ಅರ್ಥ್ ಜೋಡಣೆ ಒಂದೇ ಜಾಗದಲ್ಲಿ ಇರಬೇಕು, ಎರಡು ಕಡೆ ಅಲ್ಲ. ಇದನ್ನು ಲೈಸೆನ್ಸ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ.

ಮಳೆ ಅಂತ ಜನರೇಟರನ್ನು ವರಾಂಡಕ್ಕೋ ಪಂಪ್ ರೂಮಿಗೋ ತರಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಮನೆಯಿಂದ ದೂರ, ಕಿಟಕಿ ಇಲ್ಲದ ಕಡೆ, ನಾಲ್ಕೂ ಬದಿ ತೆರೆದ ಒಂದು ತಗಡಿನ ಚಪ್ಪರ ಸಾಕು. ಕೆಳಗೆ ಒಂದಡಿ ಕಟ್ಟೆ ಇರಲಿ, ನಿಮ್ಮ ಕಡೆ ಅಂಗಳದಲ್ಲೇ ನೀರು ಹರಿಯುತ್ತದಲ್ವಾ.

ಮಳೆಗಾಲ ಮುಗಿದ ಮೇಲೆ ಟ್ಯಾಂಕ್‌ನಲ್ಲಿ ಪೆಟ್ರೋಲ್ ಬಿಡಬೇಡಿ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಕಾಕ್ ಬಂದ್ ಮಾಡಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿದರೆ ಕಾರ್ಬೊರೇಟರ್ ಖಾಲಿ ಆಗುತ್ತದೆ.

ಪಂಪ್ ಬಗ್ಗೆ ಕೊನೆಗೆ ಕೇಳಿದ್ದಿರಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಆದರೆ ಶುರುವಾಗುವಾಗ ಕ್ಷಣಹೊತ್ತು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಚಾರ್ಜಿಂಗ್ ನಡೆಯುವಾಗ ಪಂಪ್ ಹಚ್ಚಿದರೆ ಮತ್ತೆ ಅದೇ ಟಕ್ ಟಕ್. ಜನರೇಟರ್ ನಿಲ್ಲಿಸಿದ ಮೇಲೆ ಪಂಪ್ ಹಚ್ಚಿ, ನಿಮ್ಮ 5 ಕೆವಿಎ ಇನ್ವರ್ಟರ್ ಆ ಎಳೆತವನ್ನು ಜನರೇಟರ್‌ಗಿಂತ ಚೆನ್ನಾಗಿ ತಡೆಯುತ್ತದೆ. ಆಟೋ ಸ್ಟಾರ್ಟ್ ಈಗ ಬೇಡ, ನಿಮ್ಮದು ಹಗ್ಗ ಎಳೆಯುವ ಮಾಡೆಲ್. 30 ಆಂಪ್ಸ್‌ನಲ್ಲಿ ಅರ್ಧ ಗಂಟೆ ಓಡಿಸಿ, ಡಿಸ್‌ಪ್ಲೇ ಮತ್ತು ಜನರೇಟರ್ ಪ್ಲೇಟ್ ಎರಡರ ಫೋಟೋ ಇಲ್ಲೇ ಹಾಕಿ.