ಗುಜರಿಯಲ್ಲಿ ಸಿಕ್ಕ ಹಳೆಯ ವಾಷಿಂಗ್ ಮಷೀನನ್ನು ಗುರುತಿಸುವುದು ಹೇಗೆ?

ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಕೊಂಡ, ಮೇಲ್ಭಾಗದಲ್ಲಿ ಬಟ್ಟೆ ಹಿಂಡುವ ಎರಡು ರಬ್ಬರ್ ರೋಲರುಗಳಿರುವ ಯಂತ್ರವು ಯಾವ ಕಾಲದ್ದೆಂದು ನೀವು ಕೇಳಿದ್ದೀರಿ. ಹೆಸರಿನ ಫಲಕವನ್ನು ಬದಲಿಸುವುದು ಸುಲಭವಾದ್ದರಿಂದ, ನಾನು ಮೊದಲು ತೊಟ್ಟಿಯನ್ನೇ ನೋಡುತ್ತೇನೆ.

ಒಂದು ಅಯಸ್ಕಾಂತವನ್ನು ತೊಟ್ಟಿಗೆ ಹಿಡಿಯಿರಿ. ಅದು ಅಂಟದೆ, ಗೋಡೆ ದಪ್ಪವಾಗಿ ಮಂಕು ಬೂದುಬಣ್ಣದಲ್ಲಿದ್ದರೆ ಅದು ಎರಕದ ಅಲ್ಯೂಮಿನಿಯಂ ಆಗಿರುವ ಸಂಭವ ಹೆಚ್ಚು. ಅಮೆರಿಕದ ಮೇಟ್ಯಾಗ್ ಕಂಪನಿಯು ಇಂಥ ತೊಟ್ಟಿಗಳಿಗೆ ಹೆಸರಾಗಿತ್ತು ಮತ್ತು ತಳದಿಂದ ನೀರನ್ನು ಕಲಕುವ ಅಜಿಟೇಟರನ್ನು 1922ರಲ್ಲಿ ಮಾರುಕಟ್ಟೆಗೆ ತಂದಿತು. ಅಯಸ್ಕಾಂತ ಅಂಟಿದರೆ ತೊಟ್ಟಿಯು ಬಹುಶಃ ಎನಾಮಲ್ ಲೇಪಿಸಿದ ಉಕ್ಕು. ಲೇಪ ಚಕ್ಕೆಯೆದ್ದ ಅಂಚಿನಲ್ಲಿ ಬಿಳುಪಿನ ಕೆಳಗೆ ಕಡುನೀಲಿ ಪದರವು ಇಣುಕಿದರೆ ಸಂತೋಷಪಡಿ: ಅದು ಬಣ್ಣವಲ್ಲ, ಕುಲುಮೆಯಲ್ಲಿ ಬೇಯಿಸಿದ ಗಾಜಿನ ಲೇಪ. ನೀರು ಕಲಕುವ ಚಕ್ರವು ತಳದ ಬದಲು ಪಕ್ಕದ ಗೋಡೆಯಲ್ಲಿದ್ದು, ರೋಲರನ್ನು ಕೈಯಿಂದ ತಿರುಗಿಸುವಂತಿದ್ದರೆ, 1948ರಲ್ಲಿ ಬ್ರಿಟನ್ನಿನಲ್ಲಿ ಬಂದ ಪುಟ್ಟ ಹೂವರ್ ಯಂತ್ರದ ವಂಶವೆಂದು ಊಹಿಸಬಹುದು.

ಕೊನೆಗೆ ಮೋಟಾರಿನ ಫಲಕವನ್ನು ಓದಿ. ಅದರಲ್ಲಿ 115 ವೋಲ್ಟ್, 60 ಸೈಕಲ್ ಎಂದಿದ್ದರೆ ಯಂತ್ರವು ಬಹುಶಃ ಅಮೆರಿಕದ್ದು. ನಮ್ಮ ಮನೆಗಳ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟುಹೋಗುತ್ತದೆ. ಗಟ್ಟಿಯಾದ ರಬ್ಬರನ್ನೂ ಬಿರುಕುಬಿಟ್ಟ ವೈರನ್ನೂ ಬದಲಿಸಿ, ಆದರೆ ಎನಾಮಲ್ ಮೇಲೆ ದಯವಿಟ್ಟು ಪೇಂಟ್ ಹೊಡೆಸಬೇಡಿ.