ಟೋಕಿಯೊದಲ್ಲಿ ಒಳ್ಳೆ ರಾಮೆನ್ ಅಂಗಡಿ ಹುಡುಕುವುದು ಹೇಗೆ?

ಒಂದು ವಾರಕ್ಕೆ ಟೋಕಿಯೊಗೆ ಹೋಗುತ್ತಿದ್ದೇವೆ, ರಾಮೆನ್ (ಬಿಸಿ ಸಾರಿನ ನೂಡಲ್ಸ್) ಅಂಗಡಿಗಳದ್ದು ಒಂದೊಂದು ಪಟ್ಟಿಯಲ್ಲಿ ಒಂದೊಂದು ಹೆಸರಿದೆ, ಯಾವುದನ್ನು ನಂಬೋದು ಅಂತ ಕೇಳಿದ್ದೀರಿ. ಜೊತೆಗೆ, ನಿಮ್ಮ ಹೆಂಡತಿ ಮಾಂಸ, ಮೀನು ತಿನ್ನುವುದಿಲ್ಲ, ಅವರಿಗೇನು ದಾರಿ ಅಂತಲೂ ಕೇಳಿದ್ದೀರಿ. ನಾನು ಆರು ವರ್ಷ ಅಲ್ಲಿದ್ದೆ. ಮನೆ ನಿಶಿಕಸಾಯ್‌ನಲ್ಲಿ. ನಮ್ಮ ದೇಶದವರು ಜಾಸ್ತಿ ಇರುವ ಏರಿಯಾ ಅದು. ಮನೆಯಲ್ಲಿ ಅನ್ನ ಸಾರು, ಆಫೀಸಿನ ಹತ್ತಿರ ರಾಮೆನ್. ಹೀಗೇ ನಡೆಯುತ್ತಿತ್ತು.

ಮೊದಲು ಒಂದು ಮಾತು. "ಟೋಕಿಯೊದ ಬೆಸ್ಟ್ ರಾಮೆನ್ ಯಾವುದು" ಅಂತ ಹುಡುಕಬೇಡಿ. ನಿಮಗೆ ಯಾವ ಸಾರು ಬೇಕು ಅಂತ ಮೊದಲು ತೀರ್ಮಾನ ಮಾಡಿ. ರಾಮೆನ್‌ನಲ್ಲಿ ಜೀವ ಇರುವುದೇ ಸಾರಿನಲ್ಲಿ. ಶೋಯು ಅಂದರೆ ಸೋಯಾ ಸಾಸ್ ಹಾಕಿದ್ದು, ಟೋಕಿಯೊದ ಹಳೇ ರುಚಿ ಇದೇ. ಶಿಯೊ ಅಂದರೆ ಬರೀ ಉಪ್ಪಿನದು, ತಿಳಿಯಾಗಿರುತ್ತದೆ. ಮಿಸೊ ಉತ್ತರದ ಸಪ್ಪೊರೊ ಕಡೆಯದು. ತೊಂಕೊತ್ಸು ಅಂದರೆ ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ಹಾಲಿನ ಹಾಗೆ ಬೆಳ್ಳಗೆ ಮಾಡಿದ್ದು, ಮೂಲ ದಕ್ಷಿಣದ ಫುಕುಒಕ ಕಡೆ. ನಿಬೊಶಿ ಅಂತ ಇನ್ನೊಂದಿದೆ, ಸಣ್ಣ ಒಣಮೀನಿನ ಸಾರು. ಮಂಗಳೂರು ಕಡೆಯವರಾದರೆ ಬಾಗಿಲಲ್ಲೇ ಒಣ ಬೂತಾಯಿ ನೆನಪಾಗುತ್ತದೆ. ಒಳ್ಳೆ ಅಂಗಡಿಗಳು ಇವನ್ನೆಲ್ಲ ಒಟ್ಟಿಗೆ ಮಾಡಲು ಹೋಗುವುದಿಲ್ಲ. ಒಂದೇ ಸಾರು, ಅದರಲ್ಲೇ ಮೂರು ನಾಲ್ಕು ಬಗೆ. ಹತ್ತು ಪುಟದ ಮೆನು, ಹೊರಗೆ ನಾಲ್ಕು ಭಾಷೆಯ ಫೋಟೊ ಬೋರ್ಡು ಕಂಡರೆ ನಾನಂತೂ ಮುಂದೆ ಹೋಗುತ್ತೇನೆ.

ಇನ್ನು ಹುಡುಕುವ ವಿಷಯ. ಗೂಗಲ್ ಮ್ಯಾಪ್ಸ್‌ನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಪ್ರವಾಸಿಗರು 4.8 ಕೊಟ್ಟ ಅಂಗಡಿಗಳೇ ಮೇಲೆ ಬರುತ್ತವೆ. ಜಪಾನಿನವರು ನೋಡುವುದು ತಬೆಲಾಗ್ ಅನ್ನುವ ಸೈಟು. ಅದರ ಲೆಕ್ಕ ಬೇರೆ. ಅಲ್ಲಿನವರು ಅಂಕ ಕೊಡುವುದರಲ್ಲಿ ಬಲು ಜಿಪುಣರು. 3.2 ಅಂದರೆ ನೆಮ್ಮದಿಯಾಗಿ ಉಣ್ಣಬಹುದು. 3.5 ದಾಟಿದರೆ ನಿಜಕ್ಕೂ ಒಳ್ಳೆಯದು. 3.7 ಇದ್ದರೆ ಕ್ಯೂ ಗ್ಯಾರಂಟಿ. ನಾನು ಶುರುವಿನಲ್ಲಿ "ಅಯ್ಯೋ, ಬರೀ 3.6" ಅಂತ ಎಷ್ಟೋ ಒಳ್ಳೆ ಅಂಗಡಿಗಳನ್ನು ಬಿಟ್ಟುಬಿಟ್ಟೆ. ಅದೇ ಸೈಟು ಹ್ಯಾಕುಮೈತೆನ್ ಅಂತ ನೂರು ಅಂಗಡಿಗಳ ಪಟ್ಟಿಯನ್ನೂ ಮಾಡುತ್ತದೆ, ಟೋಕಿಯೊ ರಾಮೆನ್‌ಗೇ ಒಂದು ಪಟ್ಟಿ ಇದೆ. ಅದರಲ್ಲಿ ನಿಮ್ಮ ಹೋಟೆಲಿಗೆ ಹತ್ತಿರ ಇರುವ ನಾಲ್ಕು ಗುರುತು ಹಾಕಿಕೊಳ್ಳಿ, ಸಾಕು. ಊರಿನ ಆ ತುದಿಗೆ ಮೂರು ರೈಲು ಬದಲಿಸಿ ಹೋಗುವ ಅಗತ್ಯ ಇಲ್ಲ.

ಹೋಟೆಲುಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡನ್ನು ನಂಬಬಹುದಾ? 2015ರ ಡಿಸೆಂಬರ್‌ನಲ್ಲಿ ಆಗ ಸುಗಾಮೊದಲ್ಲಿದ್ದ ತ್ಸುತಾ ಅನ್ನುವ ಪುಟ್ಟ ಅಂಗಡಿಗೆ ಒಂದು ಸ್ಟಾರ್ ಸಿಕ್ಕಿತು. ರಾಮೆನ್ ಅಂಗಡಿಗೆ ಸ್ಟಾರ್ ಬಂದದ್ದು ಅದೇ ಮೊದಲು. ಆಮೇಲೆ ಓತ್ಸುಕದ ನಕಿರ್ಯು, ಶಿಂಜುಕುವಿನ ಕೊಂಜಿಕಿ ಹೊತೊತೊಗಿಸು ಅಂಗಡಿಗಳಿಗೂ ಬಂತು. ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಒಂದು ವಾರದ ಪ್ರವಾಸದಲ್ಲಿ ಅರ್ಧ ದಿನ ಕ್ಯೂಗೆ ಕೊಡಬೇಕಾ? ನಾನಾದರೆ ಕೊಡಲ್ಲ. ಅದೇ ಗೈಡಿನ ಬಿಬ್ ಗುರ್ಮಾಂದ್ ಪಟ್ಟಿ ನೋಡಿ. ಕಡಿಮೆ ದುಡ್ಡಿಗೆ ಒಳ್ಳೆ ಊಟ ಕೊಡುವವರ ಪಟ್ಟಿ ಅದು.

ಏರಿಯಾ ಹಿಡಿದು ಹೋಗುವುದು ನನಗೆ ಇನ್ನೂ ಇಷ್ಟ. ಅಂಗಡಿಗಳು ಒತ್ತೊತ್ತಾಗಿ ಪೈಪೋಟಿಗೆ ಬಿದ್ದಿರುವ ಜಾಗಕ್ಕೆ ಜಪಾನಿನವರು ಗೆಕಿಸೆನ್‌ಕು ಅನ್ನುತ್ತಾರೆ, ಘೋರ ಯುದ್ಧದ ವಠಾರ ಅಂತ. ತಕಡಾನೊಬಾಬಾ ಅಂಥದ್ದು. ವಾಸೆಡಾ ಯೂನಿವರ್ಸಿಟಿ ಹುಡುಗರು ಅಲ್ಲಿನ ಗಿರಾಕಿಗಳು. ಹೊಟ್ಟೆ ದೊಡ್ಡದು, ಜೇಬು ಚಿಕ್ಕದು. ಅಂಥವರ ಮುಂದೆ ಕೆಟ್ಟ ಅಂಗಡಿ ಉಳಿಯಲ್ಲ. ಹಳೇ ಕಾಲದ ಶೋಯು ಬೇಕಾದರೆ ಒಗಿಕುಬೊಗೆ ಹೋಗಿ, ಅಲ್ಲಿನ ಹರುಕಿಯಾ 1949ರಿಂದ ಇದೆ. ಹಿಗಾಶಿ ಇಕೆಬುಕುರೊದ ತೈಶೋಕೆನ್ ತ್ಸುಕೆಮೆನ್‌ಗೆ ಹೆಸರುವಾಸಿ. ನೂಡಲ್ಸ್ ಬೇರೆ, ಗಟ್ಟಿ ಸಾರು ಬೇರೆ, ಅದ್ದಿಕೊಂಡು ತಿನ್ನಬೇಕು. ಈ ಬಗೆಯನ್ನು ಜನಪ್ರಿಯ ಮಾಡಿದ ಯಮಗಿಶಿ ಕಜುಒ 1961ರಲ್ಲಿ ಆ ಅಂಗಡಿ ತೆರೆದರು. ತಿಂದು ಮುಗಿದ ಮೇಲೆ "ಸೂಪು ವಾರಿ" ಅಂತ ಕೇಳಿ, ಉಳಿದ ಸಾರಿಗೆ ಬಿಸಿ ರಸ ಬೆರೆಸಿ ಕುಡಿಯುವ ಹಾಗೆ ಮಾಡಿಕೊಡುತ್ತಾರೆ. ಇಳಿದ ದಿನವೇ ಸುಸ್ತಾಗಿದ್ದರೆ, ಟೋಕಿಯೊ ಸ್ಟೇಷನ್ನಿನ ಯಾಎಸು ಕಡೆ ನೆಲಮಾಳಿಗೆಯಲ್ಲಿ ರಾಮೆನ್ ಸ್ಟ್ರೀಟ್ ಅಂತಲೇ ಇದೆ. ಅಲ್ಲಿ ಯಾವುದಕ್ಕೆ ಹೋದರೂ ಮೋಸ ಇಲ್ಲ.

ಮಿತಾ ಏರಿಯಾದ ರಾಮೆನ್ ಜಿರೊ ಅಂಗಡಿಯ ಹೆಸರನ್ನು ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಗುಡ್ಡದಷ್ಟು ಕೋಸು, ಮೊಳಕೆ ಕಾಳು, ಇಟ್ಟಿಗೆಯಂಥ ಹಂದಿ ಮಾಂಸ, ಹಸಿ ಬೆಳ್ಳುಳ್ಳಿ. ಮೊದಲ ಸಲಕ್ಕೆ ಬೇಡ. ಹೋದರೂ ಚಿಕ್ಕದನ್ನೇ ತಗೊಳ್ಳಿ.

ಅಂಗಡಿ ಸಿಕ್ಕರೂ ಕೆಲಸ ಮುಗಿಯಲಿಲ್ಲ. ಒಂದು ಹೆಸರಾಂತ ಅಂಗಡಿ ಮುಂದೆ ನಾನು ನಲವತ್ತು ನಿಮಿಷ ನಿಂತು, ಬಾಗಿಲ ತನಕ ಬಂದಾಗ ಗೊತ್ತಾಯಿತು, ಕ್ಯೂಗೆ ಮುಂಚೆ ಒಳಗೆ ಹೋಗಿ ಮೆಷಿನ್‌ನಿಂದ ಊಟದ ಟಿಕೆಟ್ ತರಬೇಕಿತ್ತು ಅಂತ. ಮತ್ತೆ ಕೊನೆಗೆ ಹೋಗಿ ನಿಂತೆ. ನನ್ನ ಸರದಿಗೆ ನಾಲ್ಕು ಜನ ಇರುವಾಗ ಸಾರು ಖಾಲಿ. ಅಂಗಡಿ ಹುಡುಗ ಸೊಂಟ ಬಗ್ಗಿಸಿ ಕ್ಷಮೆ ಕೇಳಿ ಬೋರ್ಡು ತಿರುಗಿಸಿಬಿಟ್ಟ. ನಮ್ಮ ಮಿಲಿಟರಿ ಹೋಟೆಲಲ್ಲೂ ಹೀಗೇ ಅಲ್ವಾ, ಮಾಂಸ ಮುಗಿದರೆ ಬಾಗಿಲು ಹಾಕಿದ ಹಾಗೇ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೋ ಮಧ್ಯಾಹ್ನ ಎರಡರ ಮೇಲೋ ಹೋಗಿ. ಹನ್ನೆರಡರಿಂದ ಒಂದರವರೆಗೆ ಆಫೀಸಿನವರ ರಶ್ಶು. ಅಂಗಡಿಗೆ ವಾರದ ರಜೆ ಯಾವತ್ತು ಅಂತ ಹೋಗುವ ದಿನವೇ ನೋಡಿಕೊಳ್ಳಿ. ಕ್ಯೂನಲ್ಲಿರುವವರ ಕೈಯಲ್ಲಿ ಟಿಕೆಟ್ ಇದೆಯಾ ಅಂತಲೂ ನೋಡಿ.

ಟಿಕೆಟ್ ಮೆಷಿನ್ ಬಾಗಿಲ ಹತ್ತಿರ ಇರುತ್ತದೆ. ನಮ್ಮ ದರ್ಶಿನಿಯ ಹಾಗೆ ಮೊದಲು ದುಡ್ಡು, ಆಮೇಲೆ ಊಟ. ಬಟನ್‌ಗಳೆಲ್ಲ ಜಪಾನಿಯಲ್ಲಿ, ಹಿಂದೆ ಜನ ಕಾಯುತ್ತಿರುತ್ತಾರೆ, ಕೈ ನಡುಗುತ್ತದೆ. ಆಗ ಮೇಲಿನ ಸಾಲಿನ ಎಡಗಡೆಯ ಮೊದಲ ಬಟನ್ ಒತ್ತಿ. ಅಂಗಡಿಯವರು ತಮ್ಮ ಮುಖ್ಯ ಐಟಂ ಇಡುವುದು ಸಾಮಾನ್ಯವಾಗಿ ಅಲ್ಲೇ. ಸಾವಿರ ಯೆನ್ ನೋಟುಗಳನ್ನು ಜಾಸ್ತಿ ಇಟ್ಟುಕೊಳ್ಳಿ, ಹತ್ತು ಸಾವಿರದ ನೋಟನ್ನು ಎಷ್ಟೋ ಮೆಷಿನ್ ನುಂಗುವುದಿಲ್ಲ. 2024ರ ಜುಲೈನಲ್ಲಿ ಹೊಸ ನೋಟು ಬಂದಾಗ ಹಳೇ ಮೆಷಿನ್‌ಗಳು ಅದನ್ನೂ ಉಗುಳುತ್ತಿದ್ದವು. ಒಂದು ಬಟ್ಟಲು ಸಾವಿರ ಯೆನ್ ದಾಟಿದರೆ ಗಿರಾಕಿ ಹಿಂದೇಟು ಹಾಕುತ್ತಾನೆ ಅಂತ ಅಲ್ಲಿನ ಮಾತು, ಅದಕ್ಕೆ "ಸಾವಿರ ಯೆನ್ ಗೋಡೆ" ಅನ್ನುತ್ತಾರೆ. ಈಗ ಆ ಗೋಡೆ ದಾಟಿದ ಅಂಗಡಿಗಳು ಬೇಕಾದಷ್ಟಿವೆ. ಟಿಪ್ಸ್ ಇಲ್ಲ, ಕುಡಿಯುವ ನೀರು ಪುಕ್ಕಟೆ.

ಇನ್ನು ನಿಮ್ಮ ಹೆಂಡತಿಯ ವಿಷಯ. ಮಾಂಸದ ತುಂಡು ತೆಗೆಸಿಬಿಟ್ಟರೆ ರಾಮೆನ್ ವೆಜ್ ಆಗಿಬಿಡುವುದಿಲ್ಲ. ಸಾರೇ ಹಂದಿಯದು, ಕೋಳಿಯದು ಅಥವಾ ಮೀನಿನದು. ಮೇಲೆ ತರಕಾರಿ ರಾಶಿ ಇದ್ದರೂ ಅಷ್ಟೇ. "ಮಾಂಸ ಇಲ್ಲ" ಅಂತ ಅಂಗಡಿಯವರು ತಲೆಯಾಡಿಸಿದರೆ ಅವರು ಹೇಳುತ್ತಿರುವುದು ತುಂಡಿನ ಬಗ್ಗೆ, ಸಾರಿನ ಬಗ್ಗೆ ಅಲ್ಲ. ಟೋಕಿಯೊ ಸ್ಟೇಷನ್ ಒಳಗೆ, ಟಿಕೆಟ್ ಗೇಟು ದಾಟಿದ ಮೇಲೆ ಕೇಯೊ ಲೈನ್ ಕಡೆ ಹೋಗುವ ದಾರಿಯಲ್ಲಿ ಟೀಸ್ ತಾನ್‌ತಾನ್ ಅಂತ ಇದೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಎಳ್ಳಿನ ಖಾರದ ಸಾರು. ನಾನೇ ಎಷ್ಟೋ ಸಲ ಬೇಕಂತಲೇ ಅಲ್ಲಿಗೆ ಹೋಗಿದ್ದೇನೆ. ಆಫುರಿ ಅನ್ನುವ ಅಂಗಡಿಗಳಲ್ಲೂ ಒಂದು ವೀಗನ್ ರಾಮೆನ್ ಸಿಗುತ್ತದೆ. ನೀವು ಅಲ್ಲಿ ಯುಜು ಶಿಯೊ ತಗೊಳ್ಳಿ. ಯುಜು ಅಂದರೆ ಅವರ ನಿಂಬೆ, ಹೆರಳೆಕಾಯಿಯಂಥ ಘಮ.

ಬೇರೆ ಅಂಗಡಿಗೆ ನೀವು ಹೋಗಿ ನಿಮ್ಮ ಹೆಂಡತಿ ಪಕ್ಕದಲ್ಲಿ ಸುಮ್ನೆ ಕೂರುವ ಯೋಚನೆ ಇದ್ದರೆ ಬಿಡಿ. ಇಡೀ ಅಂಗಡಿಗೆ ಎಂಟು ಹತ್ತು ಸ್ಟೂಲು ಇರುತ್ತವೆ, ಕೂತವರೆಲ್ಲ ಒಂದೊಂದು ಬಟ್ಟಲು ತಗೊಳ್ಳಲೇಬೇಕು. ಅವರನ್ನು ಹತ್ತಿರದ ಕಾಫಿ ಅಂಗಡಿಯಲ್ಲಿ ಕೂರಿಸಿ ಹೋಗಿ. ಕೂತಮೇಲೆ ತಿಂದು ಏಳಲು ಹದಿನೈದು ನಿಮಿಷ ಸಾಕು.