ಬಿಡಿಸಿದ್ದು ಸರಿ, ಬಿಡುಗಡೆ ಪತ್ರ ಎಲ್ಲಿ?

ಪ್ರಶ್ನೆ: ನಮ್ಮೂರ ಪಕ್ಕದ ಇಟ್ಟಿಗೆ ಗೂಡಿನಿಂದ ಹೋದ ವರ್ಷ ಒಡಿಶಾದ ಕುಟುಂಬಗಳನ್ನು ಬಿಡಿಸಿ ರೈಲು ಹತ್ತಿಸಿದರು. ಅವರಲ್ಲೇ ಒಬ್ಬ ಹೆಣ್ಣುಮಗಳು ಈ ವರ್ಷ ಇನ್ನೊಂದು ಗೂಡಿನಲ್ಲಿ ಕಂಡಳು. ಹೀಗಾದರೆ ಬಿಡಿಸಿ ಏನು ಬಂತು?
– ಓದುಗರೊಬ್ಬರು, ಬೆಂಗಳೂರು ಗ್ರಾಮಾಂತರ

ಉತ್ತರ: ನಿಮ್ಮ ಸಂಕಟ ನನ್ನದೂ ಹೌದು. ಆದರೆ ಮೊದಲು ಒಂದು ಮಾತು ತಿಳಿಯಬೇಕು. ಆಕೆಯ ಕೈಗೆ ಬಿಡುಗಡೆ ಪತ್ರ, ಅಂದರೆ ಜೀತದಿಂದ ಬಿಡುಗಡೆಯಾಗಿದ್ದಾಳೆಂದು ಸರ್ಕಾರಿ ಅಧಿಕಾರಿ ಬರೆದುಕೊಡುವ ಪತ್ರ, ಕೊಟ್ಟಿದ್ದರೇ?

ಕೆಲವು ವರ್ಷಗಳ ಹಿಂದೆ ಹೀಗೆ ಬಿಡಿಸಿದವರನ್ನು ಕೂರಿಸಿದ್ದ ಒಂದು ಕಚೇರಿಯ ಜಗಲಿಯಲ್ಲಿ ನಾನೂ ಕೂತಿದ್ದೆ. ಏಳೆಂಟು ವರ್ಷದ ಹುಡುಗಿಯೊಬ್ಬಳು ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದಳು. ಒಳಗೆ ಗೂಡಿನ ಮಾಲೀಕ, ‘ಮುಂಗಡ ಇಸಕೊಂಡಿದ್ದಾರೆ ಸಾರ್, ತೀರಿಸಿ ಹೋಗಲಿ’ ಎನ್ನುತ್ತಿದ್ದ. ಅಧಿಕಾರಿ ಹೌದೆಂದು ತಲೆಯಾಡಿಸಿದರು. ಸಂಜೆ ಅದು ‘ಹಣಕಾಸಿನ ತಕರಾರು’ ಆಗಿ ಮುಗಿಯಿತು. ಇವತ್ತಿಗೂ ನನಗೆ ಆ ತಲೆಯಾಟ ಮರೆತಿಲ್ಲ.

ಯಾಕೆಂದರೆ ಮಾಲೀಕನ ಆ ಮಾತೇ ಸಾಕ್ಷಿ. ಮುಂಗಡ ಕೊಟ್ಟು, ಹೊರಗೆ ಹೋಗಲು ಬಿಡದೆ ದುಡಿಸಿಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಆ ಸಾಲವೇ ಇಲ್ಲ, ತೀರಿಸುವ ಮಾತೂ ಇಲ್ಲ. ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಇನ್ನು ಮೋಸದಿಂದಲೋ ಆಮಿಷದಿಂದಲೋ ಶೋಷಣೆಗಾಗಿ ಕರೆತಂದವರ ಮೇಲೆ ಮಾನವ ಕಳ್ಳಸಾಗಣೆಯ ಕೇಸು. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿ ಕನಿಷ್ಠ 7 ವರ್ಷ ಜೈಲು, ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ 10 ವರ್ಷ.

ಒಡಿಶಾದ ಬಲಾಂಗೀರ್ ಕಡೆ ಹೊಸ ಫಸಲಿನ ನುವಾಖಾಯಿ ಹಬ್ಬದ ಹೊತ್ತಿಗೆ, ಕೂಲಿಯಾಳುಗಳನ್ನು ಕರೆತರುವ ಮೇಸ್ತ್ರಿಗಳು ಮುಂಗಡ ಹಂಚುತ್ತಾರೆ. ಹಬ್ಬ ಮುಗಿದು ಕೆಲವೇ ವಾರಗಳಲ್ಲಿ ಕಾಂಟಾಬಾಂಜಿ ನಿಲ್ದಾಣದಲ್ಲಿ ಪಾತ್ರೆ ಗಂಟುಗಳ ಸಮೇತ ಕುಟುಂಬಗಳು ರೈಲಿಗೆ ಕಾಯುತ್ತವೆ. ಬಿಡಿಸಿ ಬರಿಗೈಲಿ ಕಳಿಸಿದವಳು ಮುಂದಿನ ಹಬ್ಬಕ್ಕೆ ಅದೇ ಮೇಸ್ತ್ರಿಯ ಮುಂದೆ ಕೈಯೊಡ್ಡದೆ ಇನ್ನೇನು ಮಾಡಿಯಾಳು?

ಬಿಡುಗಡೆ ಪತ್ರ ಕೈಯಲ್ಲಿದ್ದರೆ ಮಾತೇ ಬೇರೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವಿದೆ, ಕೇಸು ಮುಗಿಯುವತನಕ ಅದಕ್ಕಾಗಿ ಕಾಯಬೇಕಿಲ್ಲ. ಮುಂದೆ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ತೀರಾ ಘೋರ ಪ್ರಕರಣಗಳಲ್ಲಿ 3 ಲಕ್ಷ. ಸಾಕ್ಷಿ ಹೇಳಲು ಬಲಾಂಗೀರಿನಿಂದ ಇಲ್ಲಿಯವರೆಗೆ ಬರಲೇಬೇಕೆಂದೂ ಇಲ್ಲ, ವಿಡಿಯೊ ಮೂಲಕ ಹೇಳಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕಾನೂನಿನಲ್ಲಿ ಅವಕಾಶವಿದೆ.

ಆದ್ದರಿಂದ ಬಿಡಿಸಿದ್ದು ತಪ್ಪಲ್ಲ, ಅರ್ಧಕ್ಕೆ ಬಿಟ್ಟದ್ದು ತಪ್ಪು. ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ, ಹೋದ ವರ್ಷ ಎಷ್ಟು ಜನರಿಗೆ ಬಿಡುಗಡೆ ಪತ್ರ ಕೊಟ್ಟರು ಎಂದು ಲಿಖಿತವಾಗಿ ಕೇಳಿ. ಆ ಹೆಣ್ಣುಮಗಳು ಈಗಿರುವ ಗೂಡಿನ ಬಗ್ಗೆ ಇವತ್ತೇ 112ಕ್ಕೆ ತಿಳಿಸಿ, ಜೊತೆಗೆ ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ. ಕಚೇರಿಯಿಂದ ಏನು ಉತ್ತರ ಬಂತೆಂದು ನಮಗೂ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ